ಐದಡಿ ಜಗುಲಿಯ ಮೇಲಿನ ಕಿಂಡಿ

ನವೆಂಬರ್ 4, ಮಂಗಳವಾರ. ಇನ್ನು 24 ದಿನ.

ಬರೆಯಬಾರದಂತೆ. ಹಸಿ ಬಾಣಂತಿ ಓದಿದರೆ, ಬರೆದರೆ ಕಣ್ಣು ಹೋಗುತ್ತದಂತೆ. ಅದಕ್ಕೇ ಫಂಗಕ್ಕ ನನ್ನ ಫೋನು ಕಿತ್ತುಕೊಂಡು ತನ್ನ ಸೊಂಟದ ಚೀಲಕ್ಕೆ ಸೇರಿಸಿದ್ದಾಳೆ. ಪೆನ್ನು ಮಾತ್ರ ಅವಳ ಕಣ್ಣಿಗೆ ಬಿದ್ದಿಲ್ಲ. ಕಾಗದಕ್ಕೆ ಬರವಿಲ್ಲ. ಹೋದ ವರ್ಷದ ಹಡಗಿನ ಯಾತ್ರಿಕರ ಪಟ್ಟಿಗಳ ಕಟ್ಟು ಹಾಸಿಗೆಯ ಕೆಳಗೇ ಇತ್ತು, ಹಿಂಬದಿಯೆಲ್ಲ ಖಾಲಿ.

ಫಂಗಕ್ಕ ಬಾಣಂತನ ಮಾಡಲು ಈಪೋ ಊರಿನಿಂದ ಬಂದವಳು. ಅತ್ತೆ ಅವಳನ್ನು ನನ್ನ ಐದನೇ ತಿಂಗಳಲ್ಲೇ ಗೊತ್ತುಮಾಡಿ ಇಟ್ಟಿದ್ದರು. ತಿಂಗಳು ತುಂಬುವವರೆಗೆ ತಲೆಗೆ ನೀರು ಹಾಕುವಂತಿಲ್ಲ. ಫ್ಯಾನು ಹಾಕುವಂತಿಲ್ಲ. ಮೆಟ್ಟಿಲು ಇಳಿಯುವಂತಿಲ್ಲ. ಕುಡಿಯಲು ತಣ್ಣೀರಂತೂ ಇಲ್ಲವೇ ಇಲ್ಲ, ಮೂರು ಹೊತ್ತೂ ಒಣ ಎಲಚಿಹಣ್ಣು ಕುದಿಸಿದ ಕಷಾಯ. ಊಟಕ್ಕೆ ಶುಂಠಿ, ಎಳ್ಳೆಣ್ಣೆ, ಅಕ್ಕಿಯ ಹೆಂಡದಲ್ಲಿ ಬೇಯಿಸಿದ ಕೋಳಿ. ಮೈಯೆಲ್ಲ ಶುಂಠಿ ನಾರುತ್ತಿದೆ. ಇವತ್ತು ಕಿಟಕಿಯ ಹತ್ತಿರ ನಿಂತಿದ್ದೆ.

"ಏನಮ್ಮಾ, ಎದ್ಬಿಟ್ಯಾ? ಮಲ್ಕೋ, ಮಲ್ಕೋ. ಈಗ ಗಾಳಿ ಹೊಕ್ರೆ ಅರವತ್ತು ವರ್ಷ ಆದ್ಮೇಲೆ ಮಂಡಿ ಹಿಡ್ಕೊಂಡು ನನ್ನ ನೆನಸ್ಕೋತೀಯ."

"ಅಷ್ಟು ಹೊತ್ತಿಗೆ ನೀವು ಇರಲ್ವಲ್ಲ ಅಕ್ಕಾ."

"ಬೈಯೋಕಾದ್ರೂ ಬರ್ತೀನಿ ಬಿಡು."

ಗೋಡೆಯಿಂದ ತೊಟ್ಟಿಲಿಗೆ ಎಂಟು ಹೆಜ್ಜೆ. ತೊಟ್ಟಿಲಿಂದ ಕಿಟಕಿಗೆ ಐದು. ಒಂಬತ್ತು ವರ್ಷ ಈ ದ್ವೀಪದೂರು ಜಾರ್ಜ್‌ಟೌನಿನ ಹಳೇ ಚೀನೀ ಪೇಟೆಯನ್ನು ಪರದೇಶದವರಿಗೆ ನಡೆದು ತೋರಿಸಿದವಳು ನಾನು. ಹಡಗು ಬಂದ ದಿನ ಎರಡೆರಡು ಸುತ್ತು ಹಾಕುತ್ತಿದ್ದೆ. ಈಗ ಎಂಟು ಮತ್ತು ಐದು.

ನವೆಂಬರ್ 6, ಗುರುವಾರ. ಇನ್ನು 22.

ಬೆಳಿಗ್ಗೆ ಏಳಕ್ಕೆ ಹಡಗಿನ ಕೂಗು ಕೇಳಿಸಿತು. ಗುರುವಾರದ ಬಿಳಿ ಹಡಗು. ಕೂಗಿಗೆ ನನ್ನ ಕಾಲುಗಳು ತಾವಾಗಿಯೇ ಹಾಸಿಗೆಯಿಂದ ಇಳಿದವು. ಫಂಗಕ್ಕ ಬಾಗಿಲಲ್ಲೇ ಕೂತಿದ್ದಳು.

ಹತ್ತು ಗಂಟೆಗೆ ನನ್ನ ಗುಂಪು ಬಂತು. ನನ್ನದಲ್ಲ, ಈಗ ಅದು ಬೂನ್ ಹುವಾಟನದು. ಅವನು ಮೊನ್ನೆ ಮೊನ್ನೆಯವರೆಗೆ ಜೀವವಿಮೆ ಮಾರುತ್ತಿದ್ದ. ನನ್ನ ಹಳದಿ ಕೊಡೆಯನ್ನೂ ಅವನಿಗೇ ಕೊಟ್ಟಿದ್ದಾರೆ. ಮನೆಯ ಮುಂದೆ ಬೀದಿಯವರೆಲ್ಲ ಓಡಾಡುವ ಐದಡಿ ಅಗಲದ ಜಗುಲಿಯಲ್ಲಿ ನಿಂತು ಗಂಟಲು ಹರಿಯುವಂತೆ ಶುರು ಮಾಡಿದ. ಜಗುಲಿಯ ಮೇಲೆಯೇ ನನ್ನ ಕೋಣೆ ಇರುವುದರಿಂದ ಒಂದೊಂದು ಅಕ್ಷರವೂ ಕೇಳುತ್ತದೆ.

"ಮೇಲೆ ನೋಡಿ, ಆ ಕಿಂಡಿ ಕಾಣ್ತಿದ್ಯಾ? ಕಡಲ್ಗಳ್ಳರು ಬಾಗಿಲಿಗೆ ಬಂದ್ರೆ ಅಲ್ಲಿಂದ ಕುದಿಯೋ ಎಣ್ಣೆ ಸುರೀತಿದ್ರು!"

ಜನ ಹೋ ಎಂದರು. ಕಿಂಡಿ ಇರುವುದು ನನ್ನ ಹಾಸಿಗೆಯ ಪಕ್ಕದ ನೆಲದ ಹಲಗೆಯಲ್ಲಿ. ಅಂಗೈಯಗಲದ ತೂತು, ಅದಕ್ಕೊಂದು ಮರದ ಬಿರಡೆ. ಕಡಲ್ಗಳ್ಳರಂತೆ, ಎಣ್ಣೆಯಂತೆ. ಇಡೀ ಬೀದಿಯ ಮಾನ ಕಳೆದುಬಿಟ್ಟ. ಸಿಟ್ಟಿಗೆ ಎದೆ ಕಟ್ಟಿತು, ಜೊತೆಗೆ ಹಾಲೂ ಕಟ್ಟಿತು. ಫಂಗಕ್ಕ ಬಿಸಿ ಬಟ್ಟೆ ಒತ್ತುತ್ತಾ ದಿನವಿಡೀ ಬೈದಳು.

ನವೆಂಬರ್ 9, ಭಾನುವಾರ. ಇನ್ನು 19.

ಯಾರಿಗೂ ಹೇಳುವ ಹಾಗಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ.

ಮಗು ಅಳುತ್ತದೆ, ಎತ್ತಿಕೊಳ್ಳುತ್ತೇನೆ. ಕುಡಿಯುತ್ತದೆ, ಮಲಗುತ್ತದೆ. ನನಗೆ ಏನೂ ಅನ್ನಿಸುವುದಿಲ್ಲ. ಯಾರೋ ಹಡಗಿನವರು "ಒಂದು ಗಂಟೆ ನೋಡ್ಕೊಂಡಿರಿ" ಎಂದು ಕೈಗೆ ಕೊಟ್ಟುಹೋದ ಸಾಮಾನು, ಅವರು ಇನ್ನೂ ವಾಪಸು ಬಂದಿಲ್ಲ. ಅತ್ತೆ ಅದರ ಮೂಗು ನೋಡಿ ನಿನ್ನ ಮಾವನದೇ ಅನ್ನುತ್ತಾರೆ. ಫಂಗಕ್ಕ ಅದರ ಕಿವಿ ನೋಡಿ ಆಯಸ್ಸು ಹೇಳುತ್ತಾಳೆ. ನಾನು ನೋಡಿದರೆ ಮುಖ ಅಷ್ಟೇ. ನನ್ನ ಗಂಡ ಕಿಯಾಟ್ ಹಿನ್ ಸಮುದ್ರದ ನಡುವೆ ತಾನು ಕೆಲಸ ಮಾಡುವ ಎಣ್ಣೆ ಬಾವಿಯಿಂದ ಫೋನು ಮಾಡಿದ. ಫಂಗಕ್ಕ ಫೋನನ್ನು ತಾನೇ ಹಿಡಿದು ನನ್ನ ಕಿವಿಗೆ ಇಟ್ಟಳು. "ಹೇಗಿದಾಳೆ ನನ್ನ ಮಗಳು?" ಅಂದ. ಚೆನ್ನಾಗಿದೆ ಅಂದೆ. ತಿಂಗಳು ತುಂಬಿದ ದಿನಕ್ಕೆ ಸರಿಯಾಗಿ ಬರುತ್ತಾನಂತೆ.

ನನಗೆ ಹೆದರಿಕೆ ಆಗುತ್ತಿದೆ.

ನವೆಂಬರ್ 13, ಗುರುವಾರ. ಇನ್ನು 15.

ಇವತ್ತು ತಡೆಯಲಾಗಲಿಲ್ಲ. ಬೂನ್ ಹುವಾಟ್ "ಕುದಿಯೋ ಎಣ್ಣೆ" ಅನ್ನುತ್ತಿದ್ದಂತೆ ನೆಲಕ್ಕೆ ಬೋರಲು ಬಿದ್ದು ಬಿರಡೆ ಕಿತ್ತೆ.

"ಎಣ್ಣೆ ಗಿಣ್ಣೆ ಏನೂ ಇಲ್ಲ! ಈ ಮನೆ ಸೊಸೇರು ಬೇರೆ ಗಂಡಸರಿಗೆ ಮುಖ ತೋರಿಸೋ ಹಾಗಿರಲಿಲ್ಲ. ಬಾಗಿಲಿಗೆ ಯಾರು ಬಂದ್ರು ಅಂತ ಇಲ್ಲಿಂದ ನೋಡ್ತಿದ್ರು, ಅಷ್ಟೇ!"

ಕೆಳಗೆ ಇಪ್ಪತ್ತು ಟೋಪಿಗಳು ಹಿಂದಕ್ಕೆ ಬಾಗಿ ಇಪ್ಪತ್ತು ಮುಖಗಳಾದವು.

"ಅಯ್ಯೋ ಗುವಾಟ್ ಚೂ, ನೀವಾ?" ಬೂನ್ ಹುವಾಟ್ ಹಲ್ಲು ಕಿರಿದ. "ನಾನು ಯಾವ್ದೋ ಹಳೇ ದೆವ್ವ ಅಂದ್ಕೊಂಡೆ."

ಗುಂಪಿನ ಒಬ್ಬ ಹೆಂಗಸು ಕೇಳಿದಳು: "ನೀವ್ಯಾಕೆ ಮೇಲಿದೀರಿ? ಕೆಳಗೆ ಬನ್ನಿ, ನೀವೇ ಹೇಳಿ."

ಬಾಣಂತಿ, ತಿಂಗಳು ತುಂಬುವವರೆಗೆ ಹೊರಗೆ ಬರುವ ಹಾಗಿಲ್ಲ ಅಂದೆ. ಎಲ್ಲರೂ ಅಯ್ಯೋ ಎಂದು ಕೈಬೀಸಿದರು, ಫೋಟೊ ತೆಗೆದುಕೊಂಡರು. ಮೃಗಾಲಯದಲ್ಲಿ ಬೋನಿನ ಮುಂದೆ ಹೀಗೇ ಕೈ ಬೀಸುತ್ತಾರೆ.

ಒಂದು ವಿಷಯ ಗಮನಿಸಿದೆ. ಹೊರಡುವಾಗ ಅವನು ತಲೆ ಎಣಿಸಲಿಲ್ಲ. ಕೊಡೆ ಎತ್ತಿದ, ಹೊರಟ. ನಾನು ಪ್ರತಿ ಮೂಲೆಯಲ್ಲೂ ಕೊಡೆಯ ತುದಿಯಿಂದ ಒಬ್ಬೊಬ್ಬರನ್ನೂ ತೋರಿಸಿ ಎಣಿಸುತ್ತೇನೆ, ಕೊನೆಗೆ ನನ್ನನ್ನೂ ಸೇರಿಸಿಕೊಳ್ಳುತ್ತೇನೆ. ಈ ಕೆಲಸ ಕಲಿಸಿದ ಮುದುಕ ಹಾಗೆ ಹೇಳಿಕೊಟ್ಟಿದ್ದ: ನಿನ್ನನ್ನ ಬಿಟ್ಟು ಎಣಿಸಿದ್ರೆ ಒಂದು ದಿನ ನೀನೇ ಕಳೆದುಹೋಗ್ತೀಯ ಅಂತ. ಒಂಬತ್ತು ವರ್ಷದಲ್ಲಿ ಒಂದು ತಲೆಯನ್ನೂ ಕಳೆದುಕೊಂಡವಳಲ್ಲ.

ಅತ್ತೆ ಮೆಟ್ಟಿಲು ಹತ್ತಿ ಬಂದರು. "ಚೂ, ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತೀಯಲ್ಲೇ! ನಮ್ಮ ಕಾಲದಲ್ಲಿ ಬಾಣಂತಿ ಕೆಮ್ಮಿದ್ರೂ ಪಕ್ಕದ ಕೋಣೆಗೆ ಕೇಳ್ತಿರ್ಲಿಲ್ಲ." ಬಿರಡೆಯನ್ನು ಮತ್ತೆ ತುರುಕಿ ಅದರ ಮೇಲೆ ಒಂದು ಸ್ಟೂಲು ಇಟ್ಟು ಹೋದರು.

ನವೆಂಬರ್ 17, ಸೋಮವಾರ. ಇನ್ನು 11.

ದೇವಸ್ಥಾನದಿಂದ ಕೆಂಪು ಕಾಗದದಲ್ಲಿ ಮೂರು ಹೆಸರು ಬರೆಸಿ ತಂದಿದ್ದಾರೆ. ಲಿ ಕ್ವಾನ್, ಸ್ಯೂ ಹೂನ್, ಐ ಲಿಂಗ್. "ನೀನೇ ಆರಿಸು" ಅಂದರು ಅತ್ತೆ. ಯಾವುದಾದರೂ ಆಗಬಹುದು ಅಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ಒಂದು ಚೀಲ ಕಟ್ಟಿಟ್ಟಿದ್ದೇನೆ. ಎರಡು ಅಂಗಿ, ಗುರುತಿನ ಚೀಟಿ, ಹಲ್ಲುಜ್ಜುವ ಬ್ರಷ್ಷು. ಗುರುವಾರ ಹಡಗು ಬಂದ ದಿನ ಬೀದಿಯೆಲ್ಲ ಜನ, ಯಾರಿಗೂ ಗೊತ್ತಾಗುವುದಿಲ್ಲ. ಮಧ್ಯಾಹ್ನ ಫಂಗಕ್ಕ ಅಡಿಗೆಮನೆಯಲ್ಲಿ ಕೂತೇ ತೂಕಡಿಸುತ್ತಾಳೆ. ಮಗುವಿನ ಹತ್ತಿರ ಅತ್ತೆ ಇರುತ್ತಾರೆ. ಇಲ್ಲಿಂದ ಫೆರಿ ಕಟ್ಟೆಗೆ ಹತ್ತು ನಿಮಿಷದ ದಾರಿ. ಫೆರಿ ಹತ್ತಿದರೆ ಆಚೆ ದಡ, ಆಚೆ ದಡದಿಂದ ರೈಲು. ಎಲ್ಲಿಗೆ ಎಂದು ಯೋಚಿಸಿಲ್ಲ. ನಾನಿಲ್ಲದಿದ್ದರೂ ಡಬ್ಬಿಹಾಲು ಕುಡಿದು ಬೆಳೆಯುತ್ತದೆ. ಎಷ್ಟು ಮಕ್ಕಳು ಬೆಳೆದಿಲ್ಲ.

ನವೆಂಬರ್ 19, ಬುಧವಾರ. ಇನ್ನು 9.

ನನ್ನ ಬೂಟು ಇಲ್ಲ. ಚಪ್ಪಲಿಗಳೂ ಇಲ್ಲ. ಬೀರು, ಮಂಚದ ಕೆಳಗೆ, ಮೆಟ್ಟಿಲ ಕೆಳಗೆ, ಎಲ್ಲೂ ಇಲ್ಲ. ಇಡೀ ಮನೆಯಲ್ಲಿ ಉಳಿದಿರುವುದು ಹಿತ್ತಿಲ ಬಾಗಿಲಲ್ಲಿ ಅತ್ತೆಯ ಮರದ ಹಾವುಗೆ ಒಂದೇ.

ಬರಿಗಾಲಲ್ಲೇ ಹೋದರಾಯಿತು. ನಾಳೆ.

ನವೆಂಬರ್ 20, ಗುರುವಾರ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಮೂರು ಗಂಟೆಗೆ ಅತ್ತೆ, ಫಂಗಕ್ಕ ಇಬ್ಬರೂ ಒಟ್ಟಿಗೆ ಹೊರಟುನಿಂತರು. ತಿಂಗಳು ತುಂಬಿದ ದಿನ ನೆಂಟರಿಗೆ ಹಂಚುವ ಕೆಂಪು ಮೊಟ್ಟೆ, ಅರಿಸಿನ ಅನ್ನ, ಸಿಹಿ ಕಡುಬುಗಳಿಗೆ ಹೇಳಿ ಬರಬೇಕಿತ್ತು. ಹೆಣ್ಣು ಮಗುವಾದ್ದರಿಂದ ಕಡುಬು ಪೀಚ್ ಹಣ್ಣಿನ ಆಕಾರದಲ್ಲೇ ಆಗಬೇಕು, ಫೋನಿನಲ್ಲಿ ಹೇಳಿದರೆ ಅಂಗಡಿಯವನು ಗಂಡುಮಗುವಿನ ದುಂಡು ಕಡುಬು ಮಾಡಿಡುತ್ತಾನೆ ಎಂಬುದು ಅತ್ತೆಯ ವಾದ. "ಒಂದೇ ಗಂಟೆ, ಬಂದ್ಬಿಡ್ತೀವಿ" ಅಂದಳು ಫಂಗಕ್ಕ. ಬಾಗಿಲಲ್ಲಿ ಒಮ್ಮೆ ತಿರುಗಿ ನನ್ನ ಬರಿಗಾಲು ನೋಡಿದಳು.

ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಮನೆಯಲ್ಲಿ ಮಗು ಮತ್ತು ನಾನು ಇಬ್ಬರೇ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವರು ಬರುವ ಹೊತ್ತಿಗೆ ಇಳಿದುಬಿಟ್ಟರೆ? ಅವರು ಮುಂಬಾಗಿಲಲ್ಲಿ, ನಾನು ಹಿತ್ತಿಲ ಬಾಗಿಲಲ್ಲಿ. ಮಗು ಒಂಟಿಯಾಗಿರುವುದು ಎರಡು ನಿಮಿಷವೂ ಇಲ್ಲ. ಹೀಗೆಲ್ಲ ಯೋಚಿಸಿದೆ. ಯೋಚಿಸಿದ್ದೇನೆ ಎಂದು ಬರೆಯಲು ನಾಚಿಕೆಯಾಗುತ್ತಿದೆ.

ಆಗ ಕೆಳಗೆ ಜಗುಲಿಯಲ್ಲಿ ಯಾರೋ ಕೆಮ್ಮಿದರು. ಸ್ಟೂಲು ಸರಿಸಿ ಬಿರಡೆ ತೆಗೆದೆ. ನಮ್ಮ ಬಾಗಿಲ ಪಕ್ಕದ ಕಲ್ಲಿನ ಮೇಲೆ ಒಬ್ಬ ಮುದುಕ ಕೂತಿದ್ದಾನೆ. ಎಂಬತ್ತು ದಾಟಿದ ಬಿಳಿಯ, ಕೊರಳಲ್ಲಿ ಹಡಗಿನ ಬಿಲ್ಲೆ. ಕತ್ತೆತ್ತಿ ಕಿಂಡಿ ನೋಡಿ ನಕ್ಕ; ಇಲ್ಲೊಬ್ಬಳು ಬಾಣಂತಿ ಬೋನಿನಲ್ಲಿದ್ದಾಳೆ ಎಂದು ಬೂನ್ ಹುವಾಟ್ ಈಗ ಗುಂಪಿಗೆಲ್ಲ ಹೇಳುತ್ತಾನೆ.

"ಅಲ್ಲಿದೀಯಾ ತಾಯಿ? ಸ್ವಲ್ಪ ಹೊತ್ತು ಕೂತ್ಕೊಂಡೆ, ನಿದ್ದೆ ಹತ್ತಿಬಿಡ್ತು. ಎಲ್ಲಾ ಎಲ್ಲಿ ಹೋದ್ರು?"

ಮಧ್ಯಾಹ್ನದ ಎರಡನೇ ಸುತ್ತಿನ ಗುಂಪು ಹೋಗಿ ಎರಡು ಗಂಟೆಯಾಗಿತ್ತು. ಬೂನ್ ಹುವಾಟ್ ಎಣಿಸಿದ್ದರೆ ತಾನೇ! ಹಡಗು ಹೊರಡುವುದು ಐದಕ್ಕೆ, ನಾಲ್ಕೂವರೆಗೆ ಏಣಿ ಎತ್ತಿಬಿಡುತ್ತಾರೆ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ.

"ಫೋನಿದ್ಯಾ ನಿಮ್ಮತ್ರ?"

"ಹಡಗಲ್ಲೇ ಬಿಟ್ಟು ಬಂದೆ."

"ಎಡಕ್ಕೆ ಹೋಗಿ, ಆಮೇಲೆ ಬಲಕ್ಕೆ, ಬ್ಯಾಂಕುಗಳ ಬೀದೀಲಿ ನೇರ ನಡೀರಿ, ಗಡಿಯಾರದ ಗೋಪುರ ಸಿಗತ್ತೆ."

ಅವನು ಎದ್ದ, ಬಲಕ್ಕೆ ಹೊರಟ. ಮೂರು ಹೆಜ್ಜೆ ಇಟ್ಟು ನಿಂತು, ಯಾವ ಕಡೆ ಎಂದು ಮತ್ತೆ ಕಿಂಡಿಯನ್ನೇ ಕೇಳಿದ. ಅವನ ಬಾಯಿ ನಗುತ್ತಿತ್ತು, ಕೈ ಮಾತ್ರ ಬಿಲ್ಲೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಹಡಗಿನ ದಿನ ಸೈಕಲ್ ರಿಕ್ಷಾಗಳೆಲ್ಲ ಬಂದರಿನ ಮುಂದೆಯೇ ಇರುತ್ತವೆ, ಈ ಓಣಿಗೆ ಒಂದೂ ಬರುವುದಿಲ್ಲ.

ಇನ್ನು ಯೋಚಿಸಲು ಏನೂ ಇರಲಿಲ್ಲ. ಮಗುವನ್ನು ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡೆ. ಚೀಲವನ್ನೂ ಹೆಗಲಿಗೆ ಹಾಕಿಕೊಂಡೆ. ಅತ್ತೆಯ ಹಾವುಗೆಯಲ್ಲಿ ಕಾಲು ತೂರಿಸಿದೆ, ನನಗೆ ಒಂದು ಬೆರಳಗಲ ಗಿಡ್ಡ. ಹಿತ್ತಿಲಿಂದ ಸುತ್ತಿ ಬಂದು ಮುದುಕನ ಮೊಳಕೈ ಹಿಡಿದೆ.

"ಹೆಸರೇನು?"

"ಲೆನಾರ್ಟ್. ನೀನು ಬೋನಿಂದ ಹೊರಗೆ ಬಂದ್ಯಲ್ಲ!"

ಬಿಸಿಲು ಮುಖಕ್ಕೆ ಹೊಡೆಯಿತು. ಇಪ್ಪತ್ತಮೂರು ದಿನದ ಮೇಲೆ. ಓಣಿಯ ಮೂಲೆಯಲ್ಲಿ ಅಭ್ಯಾಸದಂತೆ ಎಣಿಸಿದೆ: ಒಂದು, ಎರಡು. ಹೊರಟೆವು.

ಅವನು ನಿಧಾನಕ್ಕೆ ನಡೆಯುತ್ತಾನೆ, ನನ್ನ ಹಾವುಗೆ ಟಕಟಕ ಎನ್ನುತ್ತದೆ, ನನ್ನ ಸೊಂಟಕ್ಕೆ ಕಟ್ಟಿದ ಬಟ್ಟೆ ಅರ್ಧ ಬಿಚ್ಚಿಹೋಗಿದೆ. ಮಾತಿಲ್ಲದೆ ಹೋದರೆ ಅವನು ಹೆದರುತ್ತಾನೆ ಎಂದು ಹೇಳುತ್ತಾ ಹೋದೆ. ಇದು ತಾಮ್ರ ಬಡಿಯುವವರ ಬೀದಿ, ತಾಮ್ರ ಹೋಗಿ ಈಗ ಕಾಫಿ. ಇಲ್ಲಿ ಊದುಬತ್ತಿ ಹೊಸೆಯುವ ಮುದುಕ ಇದ್ದ, ಅವನ ಬೆರಳುಗಳು ಯಾವಾಗಲೂ ಹಳದಿ. ಇಲ್ಲಿ ಜಾಯಿಕಾಯಿ ಪಾನಕ, ಇದನ್ನು ಕುಡಿಯದೆ ಯಾರೂ ಈ ಊರಿನವರಾಗುವುದಿಲ್ಲ. ಈ ಮೆಟ್ಟಿಲ ಮೇಲೆ ಕಾಲಿಡಬೇಡ, ನಾಯಿ ಮಲಗಿದೆ, ಅದರ ತಾಯಿಯೂ ಇಲ್ಲೇ ಮಲಗುತ್ತಿತ್ತು. ಈ ಗೋಡೆ ಮುಟ್ಟಿ ನೋಡು, ಸುಣ್ಣ ಇನ್ನೂ ತಣ್ಣಗಿದೆ.

ಬ್ಯಾಂಕುಗಳ ಬೀದಿಗೆ ಬಂದಾಗ ಲೆನಾರ್ಟ್ ಕೇಳಿದ: "ಯಾರಿಗೆ ಹೇಳ್ತಿದೀಯ ತಾಯಿ? ನನಗೆ ಒಂದಕ್ಷರ ಅರ್ಥವಾಗ್ತಿಲ್ಲ."

ಆಗ ಗೊತ್ತಾಯಿತು, ನಾನು ಎಷ್ಟೋ ಹೊತ್ತಿನಿಂದ ಇಂಗ್ಲಿಷಿನಲ್ಲಿ ಮಾತಾಡುತ್ತಿರಲಿಲ್ಲ. ನಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದೆ. ಮಗು ಕಣ್ಣು ಬಿಟ್ಟುಕೊಂಡಿತ್ತು. ಬಿಸಿಲಿಗೆ ಹುಬ್ಬು ಗಂಟಿಕ್ಕಿಕೊಂಡು, ಕಿಯಾಟ್ ಹಿನ್ ಲೆಕ್ಕ ತಪ್ಪಿದಾಗ ಮಾಡುವ ಹಾಗೆ ಮುಖ ಮಾಡಿತ್ತು. ಕ್ಷಮಿಸಿ ಎಂದು ಮುದುಕನಿಗೆ ಮತ್ತೆ ಇಂಗ್ಲಿಷಿನಲ್ಲಿ ಶುರು ಮಾಡಿದೆ. "ಬೇಡ ಬೇಡ" ಅಂದ, "ಹಾಗೇ ಹೇಳು. ಕೇಳೋಕೆ ಚೆನ್ನಾಗಿದೆ."

ಗಡಿಯಾರದ ಗೋಪುರದ ಹತ್ತಿರ ರಸ್ತೆ ದಾಟಬೇಕು, ಬಸ್ಸುಗಳ ಸಾಲು. ಎಣಿಸಿದೆ: ಒಂದು, ಎರಡು, ಮೂರು. ದಾಟಿದೆವು.

ಬಂದರಿನ ಬಾಗಿಲಲ್ಲಿ ಬೂನ್ ಹುವಾಟ್ ಹಳದಿ ಕೊಡೆ ಹಿಡಿದು ಅಳುವುದೊಂದು ಬಾಕಿ. ನಾಲ್ಕೂ ಇಪ್ಪತ್ತೆರಡು. "ಗುವಾಟ್ ಚೂ, ನೀವು ದೇವರು ಕಣ್ರೀ" ಅಂದ. "ದೇವರಲ್ಲ, ಬಾಣಂತಿ. ತಲೆ ಎಣಿಸೋದು ಕಲ್ತ್ಕೋ" ಅಂದೆ. ಲೆನಾರ್ಟ್ ತನ್ನ ಟೋಪಿ ತೆಗೆದು, ಬಗ್ಗಿ, ಮಗುವಿಗೆ ನಮಸ್ಕಾರ ಮಾಡಿದ. ಏಣಿ ಹತ್ತುವಾಗ ತಿರುಗಿ ನೋಡಲಿಲ್ಲ, ಕಂಬಿ ಹಿಡಿಯುವುದರಲ್ಲೇ ಅವನ ಗಮನವೆಲ್ಲ ಇತ್ತು.

ವಾಪಸು ಬರುವಾಗ ಸಮುದ್ರದ ಪಕ್ಕದ ದಾರಿಯಲ್ಲಿ ಬಂದೆ. ಆ ದಾರಿಯಲ್ಲಿ ಫೆರಿ ಕಟ್ಟೆ ಇದೆ. ಗೊತ್ತಿದ್ದೇ ಬಂದೆ. ಚೀಲ ಹೆಗಲಲ್ಲಿತ್ತು.

ಕಟ್ಟೆಯ ಬೆಂಚಿನ ಮೇಲೆ ಕೂತೆ. ಫೆರಿ ಆಚೆ ದಡದಿಂದ ಹೊರಟಿರುವುದು ಕಾಣುತ್ತಿತ್ತು. ಅಷ್ಟರಲ್ಲಿ ಇವಳಿಗೆ ಹಸಿವಾಯಿತು. ಜನಕ್ಕೆ ಬೆನ್ನು ಮಾಡಿ ಕುಡಿಸಲು ಕೂತೆ. ಅಂಗೈಯನ್ನು ನನ್ನ ಎದೆಯ ಮೇಲೆ ಚಾಚಿ ಇಟ್ಟುಕೊಂಡು ಕುಡಿಯುತ್ತಾಳೆ, ಬಾಗಿಲು ತಳ್ಳುವವರ ಹಾಗೆ. ಮೊದಲೂ ಹೀಗೇ ಮಾಡುತ್ತಿದ್ದಳೋ ಏನೋ. ಫೆರಿ ಬಂತು, ಜನ ಇಳಿದರು, ಜನ ಹತ್ತಿದರು, ಫೆರಿ ಹೋಯಿತು. ಇವಳು ಇನ್ನೂ ಕುಡಿಯುತ್ತಿದ್ದಳು, ನಡುವೆ ಬಿಡಿಸಲಾಗಲಿಲ್ಲ.

ಆಮೇಲೆ ಮನೆಗೆ ಬಂದೆ.

ನವೆಂಬರ್ 21, ಶುಕ್ರವಾರ.

ನಿನ್ನೆ ಬಾಗಿಲಲ್ಲಿ ಇಬ್ಬರೂ ನಿಂತಿದ್ದರು. ಅತ್ತೆಯ ಮುಖ ಕೆಂಪು ಮೊಟ್ಟೆಯಾಗಿತ್ತು. "ತಲೆಗೆ ಬಟ್ಟೆ ಇಲ್ಲ! ಮಗು ಹಣೆಗೆ ಬಿಸಿಲು! ಸಾಲದ್ದಕ್ಕೆ ನನ್ನ ಹಾವುಗೆ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದರು. ನಾನು ಬೀದಿಗೆ ಕೇಳತ್ತೆ ಅತ್ತೆ ಅಂದೆ. ಇನ್ನೂ ಜೋರಾಗಿ ಕಿರುಚಿದರು. ಆಮೇಲೆ ನನ್ನ ಕಾಲು ನೋಡಿ, ಕಿತ್ತುಹೋದ ಬೆರಳಿಗೆ ತಾವೇ ಎಣ್ಣೆ ಹಚ್ಚಿದರು.

ಫಂಗಕ್ಕ ಶಿಕ್ಷೆ ಹೇಳಿದಳು: ಗಾಳಿ ಹೊಕ್ಕಿದೆ, ಬಾಣಂತನ ಇನ್ನೂ ಹನ್ನೆರಡು ದಿನ ಜಾಸ್ತಿ. ತಾನೂ ಇರುತ್ತಾಳಂತೆ.

ಬೆಳಿಗ್ಗೆ ಅವಳು ಚೀಲ ಬಿಚ್ಚಿ ಎರಡು ಅಂಗಿಗಳನ್ನು ಮಡಿಸಿ ಬೀರುವಿನಲ್ಲಿಟ್ಟಳು. ಬ್ರಷ್ಷನ್ನು ಲೋಟದಲ್ಲಿಟ್ಟಳು.

"ಅಕ್ಕಾ, ನನ್ನ ಬೂಟು ನೀವೇ ಬಚ್ಚಿಟ್ಟಿದ್ದಾ?"

"ಅಕ್ಕಿ ಡಬ್ಬದಲ್ಲಿದೆ."

"ಗಾಳಿ ಹೊಗತ್ತೆ ಅಂತಾನಾ?"

"ಮುನ್ನೂರು ಬಾಣಂತನ ಮಾಡಿದೀನಿ ಮಗಳೇ. ಕೆಲವರ ಮುಖ ನೋಡಿದ್ರೆ ಗೊತ್ತಾಗತ್ತೆ. ಅಂಥ ಮನೇಲಿ ಮೊದಲು ಚಪ್ಪಲಿ ಬಚ್ಚಿಡ್ತೀನಿ, ಆಮೇಲೆ ಒಲೆ ಹಚ್ತೀನಿ." ಶುಂಠಿ ಕುಯ್ಯಲು ಎದ್ದಳು. "ಹಾವುಗೆ ಮರೆತುಬಿಟ್ಟೆ. ವಯಸ್ಸಾಯ್ತು."

ಅವಳು ಹೋದ ಮೇಲೆ ನನಗೆ ಅಳು ಬಂತು. ಇಷ್ಟೊತ್ತೂ ಅಳುತ್ತಿದ್ದೆ.

ಹೆಸರು ಎರಡನೆಯದು ಇರಲಿ ಎಂದು ಅತ್ತೆಗೆ ಹೇಳಿದ್ದೇನೆ.

ಡಿಸೆಂಬರ್ 4, ಗುರುವಾರ.

ತುಂಬಾ ದಿನ ಬರೆಯಲಾಗಲಿಲ್ಲ, ಪುರಸೊತ್ತಿಲ್ಲ. ಕಿಯಾಟ್ ಹಿನ್ ಬಂದು ಹೋದ. ಕಡುಬು ಪೀಚಿನ ಆಕಾರದಲ್ಲೇ ಬಂತು. ಬಾಣಂತನ ಮುಗಿಯಲು ಇನ್ನೆಷ್ಟು ದಿನ ಎಂದು ಬೆಳಿಗ್ಗೆ ಫಂಗಕ್ಕ ಕೇಳಿದಳು, ನನಗೆ ಥಟ್ಟನೆ ಹೇಳಲಾಗಲಿಲ್ಲ.

ಹತ್ತು ಗಂಟೆಗೆ ಬೂನ್ ಹುವಾಟ್ ಗುಂಪು ತಂದ. ಕುದಿಯುವ ಎಣ್ಣೆ ಕೈಬಿಟ್ಟಿದ್ದಾನೆ. ಈಗ ಈ ಕಿಂಡಿಯಿಂದ ಸೊಸೆಯರು ಪ್ರೇಮಪತ್ರ ಇಳಿಬಿಡುತ್ತಿದ್ದರಂತೆ. ಬಾಯಿಗೆ ಬಂದದ್ದು ಬಾಯಲ್ಲೇ ನುಂಗಿಕೊಂಡೆ. ಸ್ಯೂ ಹೂನ್ ಆಗತಾನೆ ಮಲಗಿದ್ದಳು, ಕಿರುಚಿದರೆ ಎದ್ದುಬಿಡುತ್ತಾಳೆ. ನಿಜ ಏನೆಂದು ಅವಳ ಕಿವಿಯಲ್ಲೇ ಹೇಳಿದೆ.

ಕೆಳಗೆ ಅವನು ಎಣಿಸುವುದು ಕೇಳಿಸಿತು, ಹದಿನೇಳು, ಹದಿನೆಂಟು, ಹತ್ತೊಂಬತ್ತು. ಆಮೇಲೆ ಎಲ್ಲರ ಹೆಜ್ಜೆ ಸದ್ದು ಮೂಲೆಯ ಕಡೆಗೆ ಹೋಯಿತು. ನಾನೂ ಬೆರಳು ತೋರಿಸಿ ಎಣಿಸಿದೆ. ಒಂದು, ಎರಡು. ಎಲ್ಲರೂ ಇದ್ದೇವೆ.